ವರ್ಷದ ಲೆಕ್ಕ ಹಾಕಲು ಕೂತರೆ ಬೇಜಾರೇ ಜಾಸ್ತಿ ಆಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 39 ವರ್ಷ. ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಪ್ರತಿ ಡಿಸೆಂಬರ್ ಕೊನೆಗೆ ಹೊಸ ನೋಟ್‌ಬುಕ್ ತೆಗೆದು, ಕಳೆದ ವರ್ಷ ಏನಾಯಿತು, ಮುಂದಿನ ವರ್ಷ ಏನು ಮಾಡಬೇಕು ಅಂತ ಬರೆಯಲು ಕೂರುತ್ತೇನೆ. ಅರ್ಧ ಗಂಟೆಯಲ್ಲಿ ಮನಸ್ಸು ಭಾರವಾಗುತ್ತದೆ. ಈ ವರ್ಷ ಕೆಲಸಕ್ಕೆ ಸಂಬಂಧಿಸಿದ ಒಂದು ಪರೀಕ್ಷೆ ಬರೆಯಬೇಕು ಅಂದುಕೊಂಡಿದ್ದೆ, ಪುಸ್ತಕ ಕೊಂಡಿದ್ದಷ್ಟೇ ಬಂತು. ಬೆಳಗಿನ ನಡಿಗೆ ಫೆಬ್ರವರಿಗೇ ನಿಂತಿತು. ಜೂನ್‌ನಲ್ಲಿ ಅಮ್ಮ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲಿನ ನಾಲ್ಕು ತಿಂಗಳು ಹೇಗೆ ಹೋದವೋ ಗೊತ್ತಿಲ್ಲ. ನವೆಂಬರ್‌ನಲ್ಲಿ ಆಫೀಸಿನಲ್ಲಿ ಬಡ್ತಿ ಕೈತಪ್ಪಿತು. ಹಳೆಯ ನೋಟ್‌ಬುಕ್ ತೆರೆದರೆ ಮೂರು ವರ್ಷದಿಂದ ಅದೇ ಐದು ಸಂಕಲ್ಪ! ನಮ್ಮವರು 'ಆಗಿದ್ದು ಆಯ್ತು, ಸುಮ್ನೆ ಯಾಕೆ ಕೆದಕ್ತೀಯ, ಮುಂದಿನದು ನೋಡು' ಅನ್ನುತ್ತಾರೆ. ಗೆಳತಿಯೊಬ್ಬಳು ನೂರು ಪ್ರಶ್ನೆಗಳ ಪಟ್ಟಿ ಕಳಿಸಿದ್ದಾಳೆ. ಗುರಿ ಬರೆದಿಟ್ಟವರೇ ಮುಂದೆ ಬರುತ್ತಾರೆ ಅಂತ ಯೇಲ್ ವಿಶ್ವವಿದ್ಯಾಲಯದ ಸಂಶೋಧನೆ ಇದೆಯಂತೆ. ನಿಜವಾಗಿ ಹಿಂತಿರುಗಿ ನೋಡಬೇಕಾ? ನೋಡಬೇಕಾದರೆ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು, ಹಿಂತಿರುಗಿ ನೋಡಬೇಕಾ ಅನ್ನೋದು. ಇನ್ನೊಂದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ಮೂರು ವರ್ಷದಿಂದ ಅದೇ ಐದು ಸಾಲು ಬರೆಯುತ್ತಿದ್ದೇನೆ ಅಂದರೆ ನನ್ನಲ್ಲೇ ಏನೋ ಕೊರತೆ ಇದೆಯಾ ಅನ್ನೋದು. ವರ್ಷದ ಕೊನೆಯಲ್ಲಿ ನನ್ನ ಬಳಿ ಸಮಾಲೋಚನೆಗೆ ಬರುವ ಬಹಳ ಜನ ಹೀಗೆಯೇ. ಮೊದಲ ಪ್ರಶ್ನೆ ಕೇಳುತ್ತಾರೆ, ಎರಡನೆಯದಕ್ಕೆ ಉತ್ತರ ಕಾಯುತ್ತಾರೆ.

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ಹೌದು, ನೋಡಬೇಕು. ಆದರೆ ನೀವು ಪ್ರತಿ ಡಿಸೆಂಬರ್‌ನಲ್ಲಿ ಮಾಡುತ್ತಿರುವುದಕ್ಕೆ ನಾನು ಹಿಂತಿರುಗಿ ನೋಡುವುದು ಅನ್ನುವುದಿಲ್ಲ. ನಿಮಗೆ ನೀವೇ ಅಂಕ ಹಾಕಿಕೊಳ್ಳುತ್ತಿದ್ದೀರಿ. ಏನಾಯಿತು ಅಂತ ಪೂರ್ತಿ ನೋಡುವ ಮೊದಲೇ, ನಾನು ಎಂಥವಳು ಅನ್ನುವ ತೀರ್ಪಿಗೆ ಹೋಗಿಬಿಡುತ್ತೀರಿ. ನೀವು ಲೆಕ್ಕಪತ್ರದವರು. ಒಂದು ವೋಚರನ್ನೂ ತೆರೆಯದೆ, ನೆನಪಿನಿಂದಲೇ ಕಂಪನಿಯ ವರ್ಷದ ಲಾಭ ನಷ್ಟ ಬರೆದುಕೊಡಿ ಅಂದರೆ ಒಪ್ಪುತ್ತೀರಾ? ನಿಮ್ಮ ಸ್ವಂತ ವರ್ಷಕ್ಕೆ ಮಾತ್ರ ಅದನ್ನೇ ಮಾಡುತ್ತಿದ್ದೀರಿ.

ನಿಮ್ಮವರ ಮಾತನ್ನೂ ತಳ್ಳಿಹಾಕಬೇಡಿ. ಅವರು ನೋಡುತ್ತಿರುವುದು ನಿಮ್ಮ ಮುಖ ಬಾಡುವುದನ್ನು. ಒಂದೇ ನೋವನ್ನು ಸುತ್ತಿ ಸುತ್ತಿ ಯೋಚಿಸುವುದರಿಂದ ಬೇಸರ ಉದ್ದಕ್ಕೆ ಎಳೆಯುತ್ತದೆ. ಇದನ್ನು ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲೆನ್-ಹೊಕ್ಸೆಮಾ ಬಹಳ ವರ್ಷ ಅಧ್ಯಯನ ಮಾಡಿ ತೋರಿಸಿದ್ದಾರೆ. ಅಂಥ ಯೋಚನೆಯನ್ನು ಗುರುತು ಹಿಡಿಯುವುದು ಸುಲಭ. ಅದರಲ್ಲಿ 'ಯಾಕೆ ನನಗೇ ಹೀಗೆ', 'ಯಾಕೆ ನಾನು ಹೀಗೆ' ಅನ್ನುವ ಪ್ರಶ್ನೆ ಬರುತ್ತಲೇ ಇರುತ್ತದೆ, ಹೊಸ ಮಾಹಿತಿ ಒಂದೂ ಬರುವುದಿಲ್ಲ. ಅದನ್ನು ನಿಲ್ಲಿಸು ಅಂತ ಅವರು ಹೇಳುವುದು ಸರಿ. ಹಿಂದಿನದನ್ನೇ ನೋಡಬೇಡ ಅನ್ನುವುದು ಮಾತ್ರ ತಪ್ಪು.

ಗೆಳತಿ ಹೇಳಿದ ಸಂಶೋಧನೆಯ ವಿಷಯ

ಈ ಕಥೆ ನನಗೂ ಎಷ್ಟೋ ಸಲ ಬಂದಿದೆ. 1953ರಲ್ಲಿ ಯೇಲ್‌ನಿಂದ ಪದವಿ ಪಡೆದವರಲ್ಲಿ ಶೇ 3ರಷ್ಟು ಮಂದಿ ಮಾತ್ರ ಗುರಿಗಳನ್ನು ಬರೆದಿಟ್ಟಿದ್ದರಂತೆ. ಇಪ್ಪತ್ತು ವರ್ಷದ ನಂತರ ನೋಡಿದರೆ ಅಷ್ಟು ಮಂದಿಯ ಆಸ್ತಿ ಉಳಿದ ಎಲ್ಲರ ಒಟ್ಟು ಆಸ್ತಿಗಿಂತ ಜಾಸ್ತಿ ಇತ್ತಂತೆ. ಕೇಳಲು ಚೆನ್ನಾಗಿದೆ. ಆದರೆ ಅಂಥ ಅಧ್ಯಯನ ನಡೆದೇ ಇಲ್ಲ. ಹುಡುಕಿದವರಿಗೆ ಯೇಲ್‌ನಲ್ಲಿ ಅದರ ಸುಳಿವೇ ಸಿಗಲಿಲ್ಲ. ಇದೇ ಕಥೆಯನ್ನು ಕೆಲವರು ಹಾರ್ವರ್ಡ್, 1979 ಅಂತ ಬದಲಿಸಿ ಹೇಳುತ್ತಾರೆ. ಅದಕ್ಕೂ ಆಧಾರ ಇಲ್ಲ. ಬರೆಯುವುದರಿಂದ ಉಪಯೋಗ ಇದೆ, ಯೋಚನೆ ಸ್ಪಷ್ಟವಾಗುತ್ತದೆ. ಬರೆದ ಮಾತ್ರಕ್ಕೆ ನಡೆಯುವುದಿಲ್ಲ ಅನ್ನುವುದಕ್ಕೆ ನಿಮ್ಮ ಮೂರು ನೋಟ್‌ಬುಕ್‌ಗಳೇ ಸಾಕು, ಅಲ್ವಾ?

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು, 21 ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಅನ್ನೋದು. ಇದರ ಮೂಲ 1960ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿದ್ದರು. 'ಕಡಿಮೆ ಅಂದರೂ' ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು, ಮುಖದ ವಿಷಯವೂ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ತಂಡ 96 ಮಂದಿಯನ್ನು ಹಿಂಬಾಲಿಸಿ ನೋಡಿತು. ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ, ಕೆಲಸದಿಂದ ಕೆಲಸಕ್ಕೆ ಅದು 18 ದಿನದಿಂದ 254 ದಿನದವರೆಗೂ ಇತ್ತು. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ನಿಮ್ಮ ನಡಿಗೆ ಫೆಬ್ರವರಿಯಲ್ಲಿ ನಿಂತಿತು ಅಂದಿರಿ. ಅಭ್ಯಾಸ ಗಟ್ಟಿಯಾಗುವ ಮೊದಲೇ ನಿಂತಿದೆ ಅಷ್ಟೆ. ನಾಲ್ಕೈದು ದಿನ ತಪ್ಪಿದ್ದಕ್ಕೆ 'ಎಲ್ಲಾ ಹೋಯ್ತು' ಅಂತ ಕೈಬಿಟ್ಟಿರಾ, ಅಥವಾ ಬೇರೇನಾದರೂ ಅಡ್ಡ ಬಂತಾ? ಇದು ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ. ಇದಕ್ಕೆ ಆಮೇಲೆ ಬರುತ್ತೇನೆ.

ಹೊಸ ವರ್ಷದ ಸಂಕಲ್ಪ ಅಂದರೆ ಬರೀ ಆರಂಭಶೂರತ್ವ ಅನ್ನುವವರೂ ಇದ್ದಾರೆ. ಅದೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಕಲ್ಪ ಮಾಡಿದವರಲ್ಲಿ ಶೇ 46 ಮಂದಿ ಆರು ತಿಂಗಳ ನಂತರವೂ ಅದನ್ನು ನಡೆಸಿಕೊಂಡು ಬಂದಿದ್ದೇವೆ ಅಂದರು. ಅದೇ ಬದಲಾವಣೆ ಬೇಕು ಅನಿಸಿದ್ದರೂ ಸಂಕಲ್ಪ ಮಾಡದವರಲ್ಲಿ ಇದು ಶೇ 4 ಮಾತ್ರ. ಇದು ಅವರವರೇ ಹೇಳಿಕೊಂಡ ಲೆಕ್ಕ, ಸ್ವಲ್ಪ ಕಳೆದೇ ನೋಡೋಣ. ಆದರೂ ವ್ಯತ್ಯಾಸ ಚಿಕ್ಕದಲ್ಲ.

ನೆನಪು ಹೇಳುವ ವರ್ಷ ಬೇರೆ, ನಡೆದ ವರ್ಷ ಬೇರೆ

ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ವಿಲ್ಲೆಮ್ ವಾಗೆನಾರ್ ಆರು ವರ್ಷ ತಮ್ಮ ದಿನಗಳ ಘಟನೆಗಳನ್ನು ಬರೆದಿಟ್ಟರು. ಒಟ್ಟು ಸುಮಾರು 2,400 ಘಟನೆ. ಪ್ರತಿಯೊಂದಕ್ಕೂ ಏನು, ಯಾರು, ಎಲ್ಲಿ, ಯಾವಾಗ ಅಂತ ನಾಲ್ಕು ವಿವರ. ಆಮೇಲೆ ಒಂದೊಂದೇ ವಿವರ ನೋಡಿ ಉಳಿದದ್ದು ನೆನಪಾಗುತ್ತದಾ ಅಂತ ತಮ್ಮನ್ನೇ ಪರೀಕ್ಷೆ ಮಾಡಿಕೊಂಡರು. 'ಏನು' ಅನ್ನುವುದು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. 'ಯಾವಾಗ' ಒಂದನ್ನೇ ಇಟ್ಟುಕೊಂಡರೆ ಹೆಚ್ಚುಕಡಿಮೆ ಏನೂ ನೆನಪಾಗುತ್ತಿರಲಿಲ್ಲ. ಈ ಫಲಿತಾಂಶ ಪ್ರಕಟವಾಗಿದ್ದು 1986ರಲ್ಲಿ.

ಈಗ ನಿಮ್ಮ ನೋಟ್‌ಬುಕ್ಕಿನ ಮೊದಲ ಸಾಲು ನೋಡಿ. 'ಈ ವರ್ಷ ಏನಾಯಿತು?' ಅದು 'ಯಾವಾಗ' ಒಂದನ್ನೇ ಕೊಟ್ಟು ಮನಸ್ಸನ್ನು ಕೆದಕುವ ಪ್ರಶ್ನೆ. ಅದಕ್ಕೆ ಸಿಗುವುದು ಎದ್ದು ಕಾಣುವ ನಾಲ್ಕೈದು ಸಂಗತಿ ಮಾತ್ರ. ನಿಮ್ಮ ಪತ್ರದಲ್ಲೂ ಅಷ್ಟೇ ಇದೆ. ಪರೀಕ್ಷೆ, ನಡಿಗೆ, ಅಮ್ಮನ ಸೊಂಟ, ಬಡ್ತಿ. ಹನ್ನೆರಡು ತಿಂಗಳಲ್ಲಿ ಬೇರೇನೂ ನಡೆದಿರಲಿಕ್ಕಿಲ್ಲವಾ?

ಕೊನೆಯಲ್ಲಿ ನಡೆದದ್ದಕ್ಕೆ ನೆನಪು ಜಾಸ್ತಿ ತೂಕ ಕೊಡುತ್ತದೆ ಅನ್ನೋದೂ ಇದೆ. ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನ ಒಂದು ಸಲ 60 ಸೆಕೆಂಡು 14 ಡಿಗ್ರಿ ತಣ್ಣೀರಿನಲ್ಲಿ ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು, ಆ ಹೊತ್ತಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರಿತು. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಅಂದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು. ಒಟ್ಟು ನೋವು ಜಾಸ್ತಿ, ಆದರೆ ಕೊನೆ ಸ್ವಲ್ಪ ಹಗುರ. ಒಂದೂವರೆ ನಿಮಿಷದ ಪ್ರಯೋಗವನ್ನು ಇಡೀ ವರ್ಷಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೆ ನನ್ನ ಅನುಭವದಲ್ಲಿ, ಅಕ್ಟೋಬರ್ ನಂತರ ಕೆಟ್ಟದ್ದು ನಡೆದವರು ಇಡೀ ವರ್ಷವನ್ನೇ ಕೆಟ್ಟದ್ದು ಅನ್ನುತ್ತಾರೆ. ಅದೇ ಸಂಗತಿ ಮಾರ್ಚ್‌ನಲ್ಲಿ ನಡೆದಿದ್ದರೆ 'ಶುರುವಿನಲ್ಲಿ ಕಷ್ಟ ಇತ್ತು, ಆಮೇಲೆ ಸರಿಹೋಯ್ತು' ಅನ್ನುತ್ತಾರೆ. ನಿಮ್ಮ ನವೆಂಬರ್ ಇಲ್ಲಿ ಆಟವಾಡುತ್ತಿದೆ ಅಂತ ನನಗೆ ಅನುಮಾನ.

'ಫೆಬ್ರವರಿ, ಮಾರ್ಚ್‌ನಲ್ಲೇ ಓದಿ ಮುಗಿಸಬೇಕಿತ್ತು' ಅಂತ ಈಗ ಅನಿಸುತ್ತಿರಬಹುದು. ಜೂನ್‌ನಲ್ಲಿ ಅಮ್ಮ ಬೀಳುತ್ತಾರೆ ಅಂತ ಆಗ ಯಾರಿಗೆ ಗೊತ್ತಿತ್ತು? 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮೊದಲು, ಏನೇನು ನಡೆಯಬಹುದು ಅಂತ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇಯ್ತ್ ಜನರಿಂದ ಊಹೆ ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ನೀವು ಮೊದಲು ಏನು ಊಹಿಸಿದ್ದಿರಿ ಅಂತ ಕೇಳಿದರು. ನಡೆದ ಸಂಗತಿಗಳ ವಿಷಯದಲ್ಲಿ, ತಾವು ಬರೆದದ್ದಕ್ಕಿಂತ ಹೆಚ್ಚು ಖಚಿತವಾಗಿ ಹೇಳಿದ್ದೆವು ಅಂತ ಬಹಳ ಜನಕ್ಕೆ ನೆನಪು. ಆದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಅನಿಸುತ್ತದೆ. ಡಿಸೆಂಬರ್‌ನ ನೀವು ಫೆಬ್ರವರಿಯ ನಿಮ್ಮನ್ನು ಬೈಯುವುದು ಇದೇ ರೀತಿಯ ಅನ್ಯಾಯ.

ಹಾಗಾದರೆ ಹೇಗೆ ಕೂರುವುದು

ನೆನಪಿನಿಂದ ಶುರು ಮಾಡಬೇಡಿ. ಫೋನಿನ ಫೋಟೋಗಳಿಂದ ಶುರು ಮಾಡಿ. ಜನವರಿಯಿಂದ ಒಂದೊಂದೇ ತಿಂಗಳು ಸರಿಸುತ್ತಾ ಹೋಗಿ. ಪಕ್ಕದಲ್ಲಿ ಕ್ಯಾಲೆಂಡರ್, ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಹಾಕಿದ ದಿನಗಳ ಪಟ್ಟಿ ಇಟ್ಟುಕೊಳ್ಳಿ. ಆತ್ಮೀಯರ ಜೊತೆಗಿನ ಹಳೆಯ ಮೆಸೇಜ್‌ಗಳೂ ಬೇಕಾದರೆ ಇರಲಿ, ಆದರೆ ಅದರಲ್ಲಿ ಮುಳುಗಿಹೋಗುವ ಅಪಾಯ ಇದೆ. ತಿಂಗಳಿಗೆ ಐದಾರು ಸಾಲು ಬರೆದರೆ ಸಾಕು. ಒಂದೇ ನಿಯಮ: ಬರೀ ನಡೆದದ್ದು, ವಿಶೇಷಣ ಬೇಡ. 'ಸೋಮಾರಿತನದಿಂದ ನಡಿಗೆ ಬಿಟ್ಟೆ' ಅಂತ ಬರೆಯಬೇಡಿ. 'ಫೆಬ್ರವರಿ 10ರ ನಂತರ ನಡಿಗೆ ಇಲ್ಲ. ಆ ವಾರ ಆಫೀಸಿನಿಂದ ಮನೆಗೆ ಬಂದಾಗ ರಾತ್ರಿ ಒಂಬತ್ತು' ಅಂತ ಬರೆಯಿರಿ. ಎರಡನೇ ಸಾಲಿನಿಂದ ಏನಾದರೂ ಕಲಿಯಬಹುದು. ಮೊದಲನೆಯದರಿಂದ ಬೈಸಿಕೊಳ್ಳಬಹುದು ಅಷ್ಟೆ.

ಹೀಗೆ ಬರೆದಾಗ ಬಹಳ ಜನ ಅಚ್ಚರಿಪಡುವುದನ್ನು ನೋಡಿದ್ದೇನೆ. ಮರೆತೇಹೋಗಿದ್ದ ಕೆಲಸ, ಯಾರಿಗೋ ಮಾಡಿದ ಸಹಾಯ, ಮುಗಿಸಿದ ಒಂದು ಕಷ್ಟದ ಪ್ರಾಜೆಕ್ಟ್ ಹೊರಗೆ ಬರುತ್ತವೆ. ಹಾಗಂತ ಇದು ಖುಷಿಪಡಿಸುವ ಉಪಾಯ ಅಂದುಕೊಳ್ಳಬೇಡಿ. ಮರೆತ ಕೆಟ್ಟದ್ದೂ ಬರುತ್ತದೆ.

ಅಮ್ಮನ ನಾಲ್ಕು ತಿಂಗಳನ್ನು ಮಾತ್ರ ಹಾರಿಸಬೇಡಿ. 'ಹೇಗೆ ಹೋದವೋ ಗೊತ್ತಿಲ್ಲ' ಅಂದಿದ್ದೀರಿ. ಗೊತ್ತು ಮಾಡಿಕೊಳ್ಳಿ. ಸೊಂಟದ ಮೂಳೆ ಮುರಿದ ಹಿರಿಯರು ಮತ್ತೆ ಓಡಾಡುವಂತಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆಸ್ಪತ್ರೆ, ಔಷಧಿ, ಫಿಸಿಯೋಥೆರಪಿ, ರಾತ್ರಿ ಎದ್ದು ಹಿಡಿದು ನಡೆಸುವುದು, ಇವೆಲ್ಲ ಕೆಲಸ. ದಿನಕ್ಕೆ ಎಷ್ಟು ಗಂಟೆ ಹೋಯಿತು ಅಂತ ಅಂದಾಜು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಐದು ಸಂಕಲ್ಪದಲ್ಲಿ ಇದು ಇರಲಿಲ್ಲ, ಅದಕ್ಕೇ ನಿಮ್ಮ ಲೆಕ್ಕದಲ್ಲಿ ಇದಕ್ಕೆ ಸೊನ್ನೆ ಬಿದ್ದಿದೆ. ವರ್ಷದ ಅತಿ ದೊಡ್ಡ ಕೆಲಸಕ್ಕೆ ಸೊನ್ನೆ ಹಾಕುವ ಲೆಕ್ಕ ಎಂಥ ಲೆಕ್ಕ?

ನೂರು ಪ್ರಶ್ನೆ ಬೇಡ. ನಾಲ್ಕು ಸಾಕು. ಅಮೆರಿಕದ ಸೇನೆಯಲ್ಲಿ ತರಬೇತಿ ಮುಗಿದ ಮೇಲೆ ಕೂತು ಕೇಳಿಕೊಳ್ಳುವ ಪ್ರಶ್ನೆಗಳಿವು, ಈಗ ಎಷ್ಟೋ ಸಂಸ್ಥೆಗಳು ಬಳಸುತ್ತವೆ. ಏನಾಗಬೇಕಿತ್ತು? ಏನಾಯಿತು? ವ್ಯತ್ಯಾಸ ಯಾಕೆ ಬಂತು? ಮುಂದಿನ ಸಲ ಏನು ಬದಲಿಸಬೇಕು? ತಪ್ಪು ಯಾರದು ಅನ್ನೋ ಪ್ರಶ್ನೆ ಈ ನಾಲ್ಕರಲ್ಲಿ ಇಲ್ಲ, ಗಮನಿಸಿ.

ಅದೇ ಐದು ಸಾಲು

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಮೂರು ವರ್ಷ ಒಂದೇ ಪಟ್ಟಿ ಬಂದರೆ ನಾಚಿಕೆಪಡಬೇಕಿಲ್ಲ, ಅದು ಒಳ್ಳೆಯ ಮಾಹಿತಿ. ಐದನ್ನೂ ಒಂದೇ ಕಟ್ಟಿಗೆ ಹಾಕಿ 'ನನಗೆ ಛಲ ಇಲ್ಲ' ಅನ್ನಬೇಡಿ. ಒಂದೊಂದನ್ನೂ ಬೇರೆ ಬೇರೆ ಇಟ್ಟು ನೋಡಿ, ನಿಂತುಹೋದ ಕಾರಣ ಒಂದೇ ಆಗಿರುವುದಿಲ್ಲ.

ಕೆಲವು ನಡೆಯದಿರುವುದು ಜಾಗ ಇಲ್ಲದ್ದಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತನ್ನು ನಾವು ದುಡ್ಡಿಗೆ ಬಳಸುತ್ತೇವೆ, ಹೊತ್ತಿಗೆ ಬಳಸುವುದಿಲ್ಲ. ಪರೀಕ್ಷೆಗೆ ವಾರಕ್ಕೆ ಎಂಟು ಗಂಟೆ ಬೇಕು ಅನ್ನಿ. ಆ ಎಂಟು ಗಂಟೆ ಈಗ ಯಾವ ಕೆಲಸದ ಕೈಯಲ್ಲಿದೆ? ಯಾವುದರಿಂದ ತೆಗೆಯುತ್ತೀರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಪರೀಕ್ಷೆ ಈ ವರ್ಷವೂ ಪುಸ್ತಕದಲ್ಲೇ ಉಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಜಾಗ ಇರಲಿಲ್ಲ ಅನ್ನೋದು ಸ್ಪಷ್ಟ. ಜನವರಿಯಿಂದ ಮೇವರೆಗೆ ಇತ್ತಾ? ನಿಮ್ಮ ದಾಖಲೆ ನೋಡಿಯೇ ಹೇಳಬೇಕು.

ಕೆಲವು ಅಂದಾಜು ತಪ್ಪಿದ್ದಕ್ಕೆ ನಿಲ್ಲುತ್ತವೆ. ಇದು ಬುದ್ಧಿವಂತರಿಗೂ ಆಗುತ್ತದೆ. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಅಂದರು. ಎಲ್ಲಾ ಕೆಟ್ಟರೂ 49 ದಿನದೊಳಗೆ ಮುಗಿಯುತ್ತದೆ ಅಂದರು. ಹಿಡಿದದ್ದು 55 ದಿನಕ್ಕೂ ಜಾಸ್ತಿ. ಅದೇ ಅಧ್ಯಯನದ ಇನ್ನೊಂದು ಭಾಗ ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟಿದೆ. ಹಿಂದೆ ಇಂಥ ಕೆಲಸಗಳು ಯಾವಾಗ ಮುಗಿದವು ಅಂತ ಬರೀ ನೆನಪು ಮಾಡಿಕೊಂಡವರ ಅಂದಾಜು ಸುಧಾರಿಸಲಿಲ್ಲ. ಆ ಹಿಂದಿನ ಅನುಭವವನ್ನು ಈಗಿನ ಕೆಲಸಕ್ಕೆ ಜೋಡಿಸಿ, ಈ ಸಲ ಹೇಗೆ ನಡೆಯಬಹುದು ಅಂತ ಬರೆದವರ ಅಂದಾಜು ಮಾತ್ರ ಸರಿಹೋಯಿತು. ಹಿಂತಿರುಗಿ ನೋಡಬೇಕಾ ಅನ್ನುವುದಕ್ಕೆ ನನ್ನ ಉತ್ತರ ನಿಂತಿರುವುದು ಇಲ್ಲೇ. ನೆನೆಸಿಕೊಂಡು ಬಿಟ್ಟರೆ ಪ್ರಯೋಜನ ಕಡಿಮೆ. ನೆನೆಸಿಕೊಂಡದ್ದನ್ನು ಮುಂದಿನ ಯೋಜನೆಯ ಒಂದೊಂದು ಸಾಲಿಗೂ ಕಟ್ಟಬೇಕು.

ಇನ್ನು ಕೆಲವು, ನಿಮ್ಮದಲ್ಲದ ಆಸೆಗಳು. ಒಬ್ಬರು ಪ್ರತಿ ವರ್ಷ ಒಂದು ಹೊಸ ಭಾಷೆ ಕಲಿಯಬೇಕು ಅಂತ ಬರೆಯುತ್ತಿದ್ದರು. ಕೊನೆಯ ಸಲ ಅದನ್ನು ಕಲಿಯಬೇಕು ಅಂತ ತಾನಾಗಿ ಅನಿಸಿದ್ದು ಯಾವಾಗ ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿ, 'ಅದು ನಮ್ಮಣ್ಣನ ಆಸೆ' ಅಂದರು. ಆ ಸಾಲನ್ನು ಹೊಡೆದುಹಾಕಿದ ಮೇಲೆ ಅವರಿಗಾದ ನಿರಾಳ ನೋಡಬೇಕಿತ್ತು. ನಿಮ್ಮ ಪಟ್ಟಿಯಲ್ಲೂ ಅಂಥದ್ದೊಂದು ಇರಬಹುದು. ಅದನ್ನು ಕೈಬಿಡುವುದು ಸೋಲಲ್ಲ. ಮೂರು ವರ್ಷ ಬರೆದಿದ್ದೇನೆ, ಈಗ ಬಿಡುವುದು ಹೇಗೆ ಅನ್ನುವ ಯೋಚನೆ ಬರುತ್ತದೆ. ಬರೆದ ಮೂರು ವರ್ಷ ಹೇಗೂ ವಾಪಸ್ ಬರುವುದಿಲ್ಲ.

ಉಳಿದವು ಸಣ್ಣ ಕಾರಣಕ್ಕೆ ನಿಲ್ಲುತ್ತವೆ. ಯಾವ ಹೊತ್ತು, ಎಲ್ಲಿಂದ, ಯಾವುದರ ಬೆನ್ನಿಗೆ ಅಂತ ಗೊತ್ತು ಮಾಡಿರುವುದಿಲ್ಲ. ನಡಿಗೆ ಈ ಗುಂಪಿಗೆ ಸೇರಿದ್ದಾಗಿರಬಹುದು. 'ನಡೆಯಬೇಕು' ಅನ್ನುವ ಬದಲು, 'ಸಂಜೆ ಆಫೀಸಿನಿಂದ ಇಳಿದ ತಕ್ಷಣ, ಮನೆಗೆ ಹೋಗುವ ಮೊದಲು, ಇಪ್ಪತ್ತು ನಿಮಿಷ' ಅಂತ ಕಟ್ಟಿಕೊಂಡರೆ ನಡೆಯುವ ಸಾಧ್ಯತೆ ಜಾಸ್ತಿ. 'ಹೀಗಾದಾಗ ಹೀಗೆ ಮಾಡುತ್ತೇನೆ' ಅನ್ನುವ ಈ ಬಗೆಯ ಯೋಜನೆಯನ್ನು ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಉಪಯೋಗ ಇದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಬೆಳಗಿನ ನಡಿಗೆಯೇ ಆಗಬೇಕು ಅಂತ ಯಾಕೆ ಹಟ? ಅಮ್ಮನ ಜೊತೆ ಇರುವವರಿಗೆ ಬೆಳಗ್ಗೆ ಅನ್ನುವುದೇ ತಮ್ಮದಾಗಿರುವುದಿಲ್ಲ.

ಬಡ್ತಿಯ ವಿಷಯ ಈ ಐದರ ಜೊತೆ ಬೆರೆಸಬೇಡಿ. ಅಲ್ಲಿ ತೀರ್ಮಾನ ನಿಮ್ಮ ಕೈಯಲ್ಲಿರಲಿಲ್ಲ. ನೀವು ಮಾಡಿದ ನಿರ್ಧಾರ ಒಂದು, ಬಂದ ಫಲ ಇನ್ನೊಂದು. ಒಳ್ಳೆಯ ನಿರ್ಧಾರಕ್ಕೂ ಕೆಟ್ಟ ಫಲ ಬರುತ್ತದೆ, ಅವಸರದ ನಿರ್ಧಾರಕ್ಕೂ ಕೆಲವೊಮ್ಮೆ ಒಳ್ಳೆಯ ಫಲ ಬರುತ್ತದೆ. ಫಲ ನೋಡಿ ನಿರ್ಧಾರವನ್ನು ಅಳೆಯುವುದು ಎಲ್ಲರೂ ಮಾಡುವ ತಪ್ಪು. ನಾಲ್ಕು ತಿಂಗಳು ಅಮ್ಮನ ಜೊತೆ ನಿಂತದ್ದು ಬಡ್ತಿಗೆ ಅಡ್ಡ ಬಂದಿರಬಹುದು, ಬಂದಿರದೆಯೂ ಇರಬಹುದು. ಮೇಲಿನವರನ್ನು ನೇರ ಕೇಳಿ ತಿಳಿದುಕೊಳ್ಳಿ. ಅಡ್ಡ ಬಂದಿದ್ದರೂ, ಜೂನ್‌ನಲ್ಲಿ ನಿಮಗೆ ಗೊತ್ತಿದ್ದ ಸಂಗತಿಗಳ ಮೇಲೆ ಆ ನಿರ್ಧಾರ ಸರಿಯೇ ಆಗಿತ್ತಾ ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ನಿಮ್ಮ ಉತ್ತರ ನನಗೆ ಈಗಲೇ ಗೊತ್ತು ಅನಿಸುತ್ತದೆ.

ಯಾರ ಜೊತೆ, ಎಷ್ಟು ಹೊತ್ತು

ಒಬ್ಬರೇ ಕೂತು ಮಾಡಬಹುದು. ಪ್ರಾಮಾಣಿಕವಾಗಿ ಬರೆಯಲು ಅದೇ ಒಳ್ಳೆಯದು. ಅಪಾಯ ನಿಮಗೆ ಗೊತ್ತೇ ಇದೆ, ಮನಸ್ಸು ಒಂದೇ ಕಡೆ ಸುತ್ತತೊಡಗುತ್ತದೆ. ಅದಕ್ಕೆ ಒಂದೇ ದಿನ ಮುಗಿಸಬೇಡಿ. ದಾಖಲೆ ನೋಡಿ ಬರೆಯುವುದು ಒಂದು ದಿನ, ನಾಲ್ಕು ಪ್ರಶ್ನೆ ಇನ್ನೊಂದು ದಿನ, ಯೋಜನೆ ಮತ್ತೊಂದು ವಾರ. ಪ್ರತಿ ಸಲ ಒಂದು ಗಂಟೆಗೆ ಎದ್ದುಬಿಡಿ. ನೋವಾಗುವ ಭಾಗ ಬಂದಾಗ, ಆತ್ಮೀಯ ಗೆಳತಿಗೆ ಇದೆಲ್ಲ ಆಗಿದ್ದರೆ ನಾನು ಏನು ಹೇಳುತ್ತಿದ್ದೆ ಅನ್ನುವ ದೂರದಿಂದ ಬರೆಯಿರಿ. ಈಥನ್ ಕ್ರಾಸ್ ಮತ್ತು ಓಜ್ಲೆಮ್ ಐಡುಕ್ ಎಂಬ ಸಂಶೋಧಕರು ಇಂಥ ದೂರದ ನೋಟದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ನಡೆದದ್ದನ್ನು ಒಳಗೇ ಮುಳುಗಿ ನೋಡುವವರಿಗಿಂತ ಸ್ವಲ್ಪ ಆಚೆ ನಿಂತು ನೋಡುವವರಿಗೆ ಸಂಕಟ ಕಡಿಮೆ ಆಗುತ್ತದೆ ಅಂತ ಅವರು ಕಂಡುಕೊಂಡರು.

ನಿಮ್ಮವರ ಜೊತೆ ಕೂತು ಮಾಡಬಹುದು. ನೀವು ಮರೆತದ್ದು ಅವರಿಗೆ ನೆನಪಿರುತ್ತದೆ. ಆದರೆ ದಂಪತಿ ವರ್ಷದ ಲೆಕ್ಕಕ್ಕೆ ಕೂತರೆ ಅರ್ಧ ದಾರಿಯಲ್ಲಿ ಅದು 'ನೀವು ಯಾವಾಗ ಸಹಾಯ ಮಾಡಿದ್ರಿ' ಅನ್ನುವ ಕಡೆ ತಿರುಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಇಬ್ಬರೂ ಬೇರೆ ಬೇರೆ ಬರೆದು, ಆಮೇಲೆ ಬರೀ ಯೋಜನೆಯ ಭಾಗವನ್ನು ಒಟ್ಟಿಗೆ ಮಾತಾಡಿ. ಯಾಕೆಂದರೆ ಆ ಎಂಟು ಗಂಟೆ ಎಲ್ಲಿಂದ ಬರಬೇಕು ಅನ್ನುವುದು ಅವರ ಹೊತ್ತಿಗೂ ಸಂಬಂಧಪಟ್ಟ ವಿಷಯ.

ಗೆಳತಿಯ ನೂರು ಪ್ರಶ್ನೆಯ ಪಟ್ಟಿ ಕೆಟ್ಟದ್ದೇನಲ್ಲ. ಅಷ್ಟು ಉತ್ತರ ಬರೆಯುವ ಹೊತ್ತಿಗೆ ಯೋಜನೆಗೆ ಉಸಿರು ಉಳಿಯುವುದಿಲ್ಲ ಅನ್ನುವುದೇ ಅದರ ತೊಂದರೆ. ಪ್ರತಿ ತಿಂಗಳು ಹತ್ತು ನಿಮಿಷ ಬರೆದಿಡುವುದು ಇನ್ನೊಂದು ದಾರಿ. ಮುಂದಿನ ಡಿಸೆಂಬರ್‌ನಲ್ಲಿ ನೆನಪನ್ನು ನಂಬಬೇಕಾಗಿಲ್ಲ. ಎರಡು ಮೂರು ತಿಂಗಳಲ್ಲಿ ತಪ್ಪಿಹೋಗುತ್ತದೆ, ತಪ್ಪಲಿ, ಇದ್ದಷ್ಟು ಲಾಭ.

ಈ ವರ್ಷ ಏನನ್ನೂ ಮಾಡದೆ ಬಿಡುವ ಆಯ್ಕೆಯೂ ಇದೆ. ಹತ್ತಿರದವರನ್ನು ಕಳೆದುಕೊಂಡು ಸ್ವಲ್ಪವೇ ದಿನವಾಗಿದ್ದರೆ, ಅಥವಾ ಮನೆಯ ಕಾಯಿಲೆ ಇನ್ನೂ ನಡೆಯುತ್ತಿದ್ದರೆ, ನಾನೇ ಮುಂದೂಡಲು ಹೇಳುತ್ತೇನೆ. ಜನವರಿ 1ಕ್ಕೇ ಆಗಬೇಕು ಅನ್ನುವ ನಿಯಮ ಇಲ್ಲ. ವಾರದ ಮೊದಲ ದಿನ, ತಿಂಗಳ ಮೊದಲ ದಿನ, ಹುಟ್ಟುಹಬ್ಬದ ನಂತರ ಕೂಡ ಜನ ಹೊಸ ಹುರುಪಿನಲ್ಲಿ ಶುರು ಮಾಡುತ್ತಾರೆ ಅಂತ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ತೋರಿಸಿದ್ದಾರೆ. ಬಿಟ್ಟರೆ ಇರುವ ಅಪಾಯ ಒಂದೇ. ಹಳೆಯ ಐದು ಸಾಲನ್ನೇ ನಾಲ್ಕನೇ ಸಲ ನಕಲು ಮಾಡುತ್ತೀರಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ನೋಟ್‌ಬುಕ್ ಮುಚ್ಚಿದ ಮೇಲೂ ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಭಾರವಾಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ, ಇದು ವರ್ಷದ ಲೆಕ್ಕದ ವಿಷಯ ಅಲ್ಲ. ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ. ತಿಂಗಳುಗಟ್ಟಲೆ ರೋಗಿಯನ್ನು ನೋಡಿಕೊಂಡವರಿಗೆ, ರೋಗಿ ಚೇತರಿಸಿಕೊಂಡ ಮೇಲೆಯೇ ತಮ್ಮ ಸುಸ್ತು ಹೊರಗೆ ಬರುವುದುಂಟು.

ಈಗ ಮುಂದಿನ ವರ್ಷ

ಮೊದಲು ತೆಗೆಯಿರಿ, ಆಮೇಲೆ ಸೇರಿಸಿ. ಏನನ್ನಾದರೂ ಸುಧಾರಿಸು ಅಂದರೆ ಜನ ಸೇರಿಸುವ ದಾರಿಯನ್ನೇ ಯೋಚಿಸುತ್ತಾರೆ, ತೆಗೆಯುವ ದಾರಿ ಹೊಳೆಯುವುದೇ ಕಡಿಮೆ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನು ಹಲವು ಪ್ರಯೋಗಗಳಲ್ಲಿ ತೋರಿಸಿತು. ಹೊಸ ವರ್ಷದ ಪಟ್ಟಿಗಳೂ ಹೀಗೆಯೇ, ಎಲ್ಲವೂ ಸೇರ್ಪಡೆ. ನಿಮ್ಮ ದಾಖಲೆಯಲ್ಲಿ ಹೊತ್ತು ತಿಂದು ಏನನ್ನೂ ಕೊಡದ ಎರಡು ಸಂಗತಿಯನ್ನಾದರೂ ಹುಡುಕಿ. ಅವನ್ನು ನಿಲ್ಲಿಸುವುದನ್ನು ಪಟ್ಟಿಯ ತಲೆಯಲ್ಲಿ ಬರೆಯಿರಿ.

ಉಳಿದ ಸಾಲುಗಳನ್ನು 'ಮಾಡುತ್ತೇನೆ' ಅನ್ನುವ ರೂಪದಲ್ಲಿ ಬರೆದರೆ ಒಳ್ಳೆಯದು. ಸ್ವೀಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಸಂಕಲ್ಪಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಏನನ್ನಾದರೂ ಮಾಡುವ ಸಂಕಲ್ಪ ಇಟ್ಟವರಲ್ಲಿ ಸುಮಾರು ಶೇ 59 ಮಂದಿ ಯಶಸ್ವಿಯಾದೆವು ಅಂದರು. ಏನನ್ನಾದರೂ ಬಿಡುವ ಸಂಕಲ್ಪದವರಲ್ಲಿ ಅದು ಶೇ 47. ಹಾಗಾದರೆ ಎರಡು ಸಂಗತಿ ನಿಲ್ಲಿಸಿ ಅಂತ ಈಗಷ್ಟೇ ಯಾಕೆ ಹೇಳಿದಿರಿ ಅಂತ ಕೇಳುತ್ತೀರಿ. ನಿಲ್ಲಿಸಿದ ಹೊತ್ತಿನಲ್ಲಿ ಏನು ಮಾಡುತ್ತೀರಿ ಅನ್ನುವುದನ್ನು ಅದರ ಪಕ್ಕದಲ್ಲೇ ಬರೆಯಬೇಕು, ಅದಕ್ಕೆ.

ಐದು ಸಾಲಿನ ಜಾಗದಲ್ಲಿ ಎರಡು ಇರಲಿ. ನನ್ನ ಕೈಗೆ ಪಟ್ಟಿ ಕೊಟ್ಟರೆ ನಾನು ಉಳಿಸುವುದು ನಡಿಗೆ ಮತ್ತು ಪರೀಕ್ಷೆ. ಪರೀಕ್ಷೆಯನ್ನೂ ಈಗಲೇ ಗಟ್ಟಿ ಮಾಡುವುದಿಲ್ಲ. ಜನವರಿಯ ಮೊದಲ ಮೂರು ವಾರ, ವಾರಕ್ಕೆ ಎಷ್ಟು ಗಂಟೆ ನಿಜವಾಗಿ ಓದಲು ಸಿಕ್ಕಿತು ಅಂತ ಬರೆದಿಡಿ. ಪಠ್ಯ ಮುಗಿಸಲು ಒಟ್ಟು ಎಷ್ಟು ಗಂಟೆ ಬೇಕು ಅಂತ, ಬರೆದು ಪಾಸಾದ ಸಹೋದ್ಯೋಗಿಯನ್ನು ಕೇಳಿ. ನಿಮ್ಮ ಅಂದಾಜು ಬೇಡ, ಅವರಿಗೆ ಹಿಡಿದದ್ದು ಬೇಕು. ಭಾಗಿಸಿ ನೋಡಿ. ಪರೀಕ್ಷೆಯ ದಿನಕ್ಕಿಂತ ಎರಡು ತಿಂಗಳು ಮೊದಲೇ ಮುಗಿಯುವಂತಿದ್ದರೆ ಅರ್ಜಿ ಹಾಕಿ, ಆ ಎರಡು ತಿಂಗಳು ಅನಿರೀಕ್ಷಿತಕ್ಕೆ ಇರಲಿ. ಇಲ್ಲದಿದ್ದರೆ ಅದರ ಮುಂದಿನ ಅವಧಿಗೆ ಹಾಕಿ, ಈ ಸಲದ ಅರ್ಜಿಯ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಿಂದ ತೆಗೆದುಬಿಡಿ. ಎರಡರಲ್ಲಿ ಯಾವುದಾದರೂ ಸರಿ, ಜನವರಿ ಕೊನೆಯೊಳಗೆ ತೀರ್ಮಾನ ಆಗಿರಲಿ.